ಒಳ್ಳೆಮೆಣಸಿನ ಜಾಡಿನಲ್ಲಿ ಮಟ್ಟಾಂಚೇರಿ: ಕೊಡಗಿನಿಂದ ಹೋಗಿ ಯೆಹೂದಿ ಬೀದಿಯನ್ನು ನೋಡುವ ಕ್ರಮ

ಕೊಡಗಿನ ಬೆಳೆಗಾರರ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆಗೆ ಕೊಚ್ಚಿಯ ಒಳ್ಳೆಮೆಣಸಿನ ದರವನ್ನು ನೋಡುವುದು ಹಳೆಯ ರೂಢಿ. ಮೊದಲು ಪತ್ರಿಕೆಯ ಮೂಲೆಯಲ್ಲಿ ಹುಡುಕುತ್ತಿದ್ದೆವು, ಈಗ ಮೊಬೈಲಿನಲ್ಲಿ ನೋಡುತ್ತೇವೆ. ‘ಗಾರ್ಬಲ್ಡ್ ಇಷ್ಟು, ಅನ್‌ಗಾರ್ಬಲ್ಡ್ ಇಷ್ಟು’ ಎಂಬ ಎರಡು ಸಾಲು ಮಾತ್ರ ಬದಲಾಗಿಲ್ಲ. ಈ ದರಕ್ಕೆ ಒಂದು ಹಳೆಯ ವಿಳಾಸವಿದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಜ್ಯೂ ಟೌನ್ ಎಂಬ ಬೀದಿಯಲ್ಲಿಯೇ ಇಂಡಿಯಾ ಪೆಪ್ಪರ್ ಅಂಡ್ ಸ್ಪೈಸ್ ಟ್ರೇಡ್ ಅಸೋಸಿಯೇಷನ್ ನೆಲೆಗೊಂಡು, 1957ರಿಂದ ಮೆಣಸಿನ ಮುಂಗಡ ವ್ಯಾಪಾರವನ್ನು ನಡೆಸಿತು. ನಮ್ಮ ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ಕಾಳಿಗೆ ಬೆಲೆ ಕಟ್ಟುತ್ತಿದ್ದ ಬೀದಿಗೆ ಯೆಹೂದಿಗಳ ಹೆಸರು ಏಕೆ ಬಂತು ಎಂಬ ಪ್ರಶ್ನೆಯನ್ನು ನಾನು ಬಹಳ ವರ್ಷ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ ಬೀದಿ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಎರಡು ಸಲ ಹೋಗಿ ಬಂದ ಮೇಲೆ ತಿಳಿದದ್ದು.

ಹೆಚ್ಚಿನವರು ಅಲ್ಲಿಗೆ ಹೋಗುವ ರೀತಿ ಬೇರೆ. ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳನ್ನು ನೋಡಿ, ಆಟೋ ಹಿಡಿದು ನೇರವಾಗಿ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ಬಂದು, ನೆಲದ ಹೆಂಚುಗಳನ್ನು ನೋಡಿ, ಹತ್ತು ನಿಮಿಷದಲ್ಲಿ ಹೊರಬಂದು ಅಂಗಡಿಗಳಿಗೆ ನುಗ್ಗುತ್ತಾರೆ. ರಾಜಾಸೀಟಿನಲ್ಲಿ ಒಂದು ಸೆಲ್ಫಿ ತೆಗೆದುಕೊಂಡು ಕೊಡಗನ್ನು ನೋಡಿಯಾಯಿತು ಎನ್ನುವವರನ್ನು ಕಂಡು ನಾವು ನಗುವುದಿಲ್ಲವೇ, ಇದೂ ಅದೇ. ಆದ್ದರಿಂದ ನನ್ನ ಸಲಹೆ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂಬುದು: ಮೊದಲು ಮೆಣಸಿನ ಬೀದಿ, ಆಮೇಲೆ ಅರಮನೆ, ಅದರ ನಂತರ ಸಿನಗಾಗ್, ಕೊನೆಗೆ ಸ್ಮಶಾನ ಮತ್ತು ಊರ ಹೊರಗಿನ ಉಳಿಕೆಗಳು.

ಹೊರಡುವ ಮುನ್ನ

ದಿನವನ್ನು ಆರಿಸುವುದೇ ಮೊದಲ ಕೆಲಸ. ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಇರುವುದರಿಂದ ಶನಿವಾರ ಸಿನಗಾಗಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಪಕ್ಕದ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಮೊದಲ ಸಲ ನಾನು ಇದನ್ನು ವಿಚಾರಿಸದೆ ಶನಿವಾರವೇ ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು, ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಮರಳಿದ್ದೆ. ಭಾನುವಾರದಿಂದ ಗುರುವಾರದೊಳಗೆ ಒಂದು ದಿನವನ್ನು ಇಟ್ಟುಕೊಳ್ಳಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸಿನಗಾಗ್ ಮುಚ್ಚಿರುತ್ತದೆ ಎಂಬುದೂ ನೆನಪಿನಲ್ಲಿರಲಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಯೆಹೂದಿಗಳ ಹೊಸ ವರ್ಷ, ಉಪವಾಸ ಮತ್ತು ಪರ್ಣಶಾಲೆಗಳ ಹಬ್ಬ ಸಾಲಾಗಿ ಬರುತ್ತವೆ. ಆ ದಿನಗಳಲ್ಲಿಯೂ ಬಾಗಿಲು ತೆರೆಯುವುದಿಲ್ಲ. ನಮ್ಮ ಅನುಕೂಲಕ್ಕೆ ಹೇಳುವುದಾದರೆ ಹುತ್ತರಿ ಕಳೆದು ರೋಬಸ್ಟಾ ಕೊಯ್ಲಿನ ಗಡಿಬಿಡಿ ಶುರುವಾಗುವ ಮುನ್ನ ಸಿಗುವ ಒಂದೆರಡು ವಾರ ಒಳ್ಳೆಯ ಕಾಲ. ಮೆಣಸು ಕೊಯ್ದು ಒಣಗಿಸಿದ ಮೇಲೆ ಹೋಗೋಣವೆಂದರೆ ಏಪ್ರಿಲ್ ಬಂದಿರುತ್ತದೆ, ಮಡಿಕೇರಿಯ ಹವೆಗೆ ಒಗ್ಗಿದ ಮೈಗೆ ಕೊಚ್ಚಿಯ ಏಪ್ರಿಲ್ ಸಹಿಸಲಾಗದು.

ನಮ್ಮ ಜಿಲ್ಲೆಗೆ ರೈಲಿಲ್ಲ. ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿಯ ಮೂಲಕ ಕಣ್ಣೂರಿಗೋ ತಲಶ್ಶೇರಿಗೋ ಇಳಿದು, ಅಲ್ಲಿಂದ ರೈಲಿನಲ್ಲಿ ಎರ್ನಾಕುಳಂ ತಲುಪುವುದು ಸುಲಭದ ದಾರಿ. ಒಂದು ಕಾಲದಲ್ಲಿ ಕೊಡಗಿನ ಅಕ್ಕಿ ಎತ್ತುಗಳ ಬೆನ್ನೇರಿ ಘಟ್ಟದ ದಾರಿಗಳಲ್ಲಿ ಮಲಬಾರಿಗೆ ಇಳಿಯುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. ಎರ್ನಾಕುಳಂನಿಂದ ಮಟ್ಟಾಂಚೇರಿಗೆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗಬಹುದಾದರೂ ನೀರಿನ ಮೇಲೆ ಹೋಗುವುದನ್ನು ತಪ್ಪಿಸಬೇಡಿ. ದೋಣಿಯಲ್ಲೋ ವಾಟರ್ ಮೆಟ್ರೋದಲ್ಲೋ ಫೋರ್ಟ್ ಕೊಚ್ಚಿಗೆ ಬಂದರೆ, ಹಿನ್ನೀರಿನ ಅಂಚಿಗೆ ಬೆನ್ನು ಕೊಟ್ಟು ನಿಂತ ಹಳೆಯ ಗೋದಾಮುಗಳ ಸಾಲು ಆ ಕಡೆಯಿಂದಲೇ ಕಾಣುತ್ತದೆ, ಸರಕು ಎಲ್ಲಿಂದ ಇಳಿಯುತ್ತಿತ್ತು ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ. ಅಲ್ಲಿಂದ ಮುಂದಕ್ಕೆ ಆಟೋದವರಿಗೆ ‘ಜೂತಪ್ಪಳ್ಳಿ’ ಎಂದರೆ ಸಾಕು. ಮಲಯಾಳಂನಲ್ಲಿ ಮಸೀದಿಯೂ ಪಳ್ಳಿ, ಇಗರ್ಜಿಯೂ ಪಳ್ಳಿ, ಯೆಹೂದಿಗಳ ಪ್ರಾರ್ಥನಾ ಮಂದಿರವೂ ಪಳ್ಳಿ. ಒಂದು ಪದದಲ್ಲಿ ಮೂರು ಮತಗಳಿಗೆ ಜಾಗ ಸಿಕ್ಕಿದೆ.

ಇತಿಹಾಸದ ಪಾಠವನ್ನು ಪೂರ್ತಿ ಓದಿಕೊಂಡು ಹೋಗಬೇಕಾಗಿಲ್ಲ, ಕೆಲವು ಸಂಗತಿಗಳು ಮಾತ್ರ ತಲೆಯಲ್ಲಿರಬೇಕು. ಕೇರಳದ ಯೆಹೂದಿಗಳ ಮೂಲ ನೆಲೆ ಕೊಚ್ಚಿಯಲ್ಲ, ಪೆರಿಯಾರ್ ನದೀಮುಖದ ಕೊಡುಂಗಲ್ಲೂರು. ಸುಮಾರು ಕ್ರಿ.ಶ. 1000ದಲ್ಲಿ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಮುಖ್ಯಸ್ಥನಿಗೆ 72 ಹಕ್ಕುಗಳನ್ನು ಕೊಟ್ಟು ತಾಮ್ರಪಟ ಬರೆಸಿದನು. ಆ ಹಕ್ಕುಗಳ ಪಟ್ಟಿಯನ್ನು ಓದುವಾಗ ಕನ್ನಡಿಗರಿಗೆ ಪರಿಚಯದ ಮುಖಗಳು ಕಾಣುತ್ತವೆ: ಹಗಲು ಹೊತ್ತಿನಲ್ಲಿ ದೀಪ ಹಿಡಿಸಿಕೊಳ್ಳುವುದು, ನಡೆಯುವ ದಾರಿಗೆ ಬಟ್ಟೆ ಹಾಸಿಸಿಕೊಳ್ಳುವುದು (ನಾವು ನಡೆಮಡಿ ಎನ್ನುವುದು ಇದನ್ನೇ), ಪಲ್ಲಕ್ಕಿ, ಕೊಡೆ, ಕಹಳೆ, ತೋರಣ. ಸುಂಕದ ವಿನಾಯಿತಿಯೂ ಅದರಲ್ಲಿದೆ. ಇಷ್ಟು ಮರ್ಯಾದೆ ಕೊಟ್ಟ ದೊರೆಗೆ ಪ್ರತಿಯಾಗಿ ಸಿಗುತ್ತಿದ್ದುದು ಕಡಲಾಚೆಯ ವ್ಯಾಪಾರ, ಮತ್ತು ಆ ವ್ಯಾಪಾರದ ತಿರುಳು ಒಳ್ಳೆಮೆಣಸು.

1341ರ ಪೆರಿಯಾರ್ ಪ್ರವಾಹ ಕೊಡುಂಗಲ್ಲೂರಿನ ಬಂದರನ್ನು ಹೂಳಿನಿಂದ ಮುಚ್ಚಿ, ಕೊಚ್ಚಿಯ ಅಳಿವೆಯನ್ನು ತೆರೆಯಿತು. ವ್ಯಾಪಾರ ಹೋದ ಕಡೆಗೆ ವ್ಯಾಪಾರಿಗಳೂ ಹೋದರು. 16ನೇ ಶತಮಾನದಲ್ಲಿ ಕೊಡುಂಗಲ್ಲೂರಿನ ಮೇಲೆ ನಡೆದ ದಾಳಿಗಳು ಮತ್ತು ಪೋರ್ಚುಗೀಸರ ಉಪಟಳ ಉಳಿದವರನ್ನೂ ಎಬ್ಬಿಸಿದವು. ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲಿಯೇ ಅವರಿಗೆ ನೆಲ ಕೊಟ್ಟನು. 1568ರಲ್ಲಿ ಅಲ್ಲಿ ಪರದೇಶಿ ಸಿನಗಾಗ್ ಎದ್ದಿತು. ವಿರಾಜಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟದ್ದು, 1792ರಲ್ಲಿ ಸಂತ ಅನ್ನಮ್ಮನವರ ಇಗರ್ಜಿ ಎದ್ದದ್ದು ಇಂಥದೇ ಕಥೆ. ದುಡಿಯುವ, ವ್ಯಾಪಾರ ಬಲ್ಲ ಜನ ರಾಜ್ಯಕ್ಕೆ ಬೇಕು ಎಂಬ ಲೆಕ್ಕವೂ ಆ ಔದಾರ್ಯದ ಒಳಗಿತ್ತು ಎಂದು ನನ್ನ ಊಹೆ. ಅದರಿಂದ ಔದಾರ್ಯ ಕಡಿಮೆಯಾಗುವುದಿಲ್ಲ.

ಬೀದಿಯನ್ನು ಓದುವುದು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಅಂಗಡಿಗಳು ತೆರೆಯುವ ಮುನ್ನ ಬೀದಿಯಲ್ಲಿರಿ. ಆ ಹೊತ್ತಿನಲ್ಲಿ ಕರೆಯುವವರು ಇರುವುದಿಲ್ಲ, ಗೋಡೆಗಳು ಕಾಣುತ್ತವೆ. ಈ ಕೇರಿಯ ಹಳೆಯ ಮನೆಗಳು ಬೀದಿಗೆ ಒತ್ತಿಕೊಂಡು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ನಿಂತಿವೆ. ನಮ್ಮ ಐನ್‌ಮನೆಗಳಂತೆ ಗದ್ದೆಯ ಮೇಲೆ ಒಂಟಿಯಾಗಿ ಕೂರುವ ಮನೆಗಳಲ್ಲ. ಕೆಳಗೆ ಸರಕು, ಮೇಲೆ ಸಂಸಾರ ಎಂಬ ವ್ಯಾಪಾರಿಗಳ ವಾಸ್ತು ಇದು. ಕಣ್ಣನ್ನು ಮೇಲಕ್ಕೆತ್ತಿ ಕಿಟಕಿಯ ಕಂಬಿಗಳನ್ನು ನೋಡಿ: ಕೆಲವು ಕಡೆ ಎರಡು ತ್ರಿಕೋನಗಳು ಹೆಣೆದುಕೊಂಡ ಆರು ಮೂಲೆಯ ದಾವೀದನ ನಕ್ಷತ್ರ ಸಿಗುತ್ತದೆ. ಬಾಗಿಲಿನ ನಿಲುವಿನಲ್ಲಿ, ಒಳಗೆ ಹೋಗುವವರ ಬಲಗೈ ಬದಿಗೆ, ಒಂದು ಸಣ್ಣ ಓರೆ ಗುರುತೋ ಮೊಳೆಯ ತೂತೋ ಇದೆಯೇ ಎಂದು ಹುಡುಕಿ. ಧರ್ಮಗ್ರಂಥದ ಸಾಲುಗಳನ್ನು ಬರೆದ ಚರ್ಮದ ಸುರುಳಿಯನ್ನು ಪುಟ್ಟ ಕೊಳವೆಯಲ್ಲಿಟ್ಟು ಹೊಸ್ತಿಲ ಬಳಿ ಜಡಿಯುವ ಮೆಜೂಜಾ ಎಂಬ ಪದ್ಧತಿ ಯೆಹೂದಿ ಮನೆಗಳಲ್ಲಿದೆ. ಮನೆಯವರು ಹೋದ ಮೇಲೆ ಉಳಿಯುವುದು ಬಣ್ಣದ ಅಡಿಯ ಆ ಗುರುತು ಮಾತ್ರ.

ಇನ್ನು ಮೂಗಿನ ಕೆಲಸ. ಬಜಾರ್ ರಸ್ತೆಯ ಕಡೆಗೆ ತಿರುಗಿದರೆ ಒಣಶುಂಠಿ, ಏಲಕ್ಕಿ, ಮೆಣಸು, ಗೋಣಿತಾಟಿನ ವಾಸನೆ ಒಟ್ಟಿಗೆ ಬಡಿಯುತ್ತದೆ. ನಮ್ಮ ಗದ್ದೆಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವರು ಘಟ್ಟದ ಕೆಳಗಿನಿಂದಲೇ ಬರುವುದರಿಂದ ಈ ವಾಸನೆ ನಮಗೆ ಹೊಸದಲ್ಲ. ಗೋದಾಮಿನ ಬಾಗಿಲಲ್ಲಿ ನಿಂತು ಗೌರವದಿಂದ ಕೇಳಿದರೆ, ಕೊಡಗಿನವರು ಎಂದು ತಿಳಿದ ಮೇಲೆ ಮಾತು ತಾನಾಗಿ ಬರುತ್ತದೆ. ನನಗೆ ಒಬ್ಬ ಹಿರಿಯರು ಒಂದು ಹಿಡಿ ಮೆಣಸನ್ನು ಅಂಗೈಯಲ್ಲಿ ಹಾಕಿ, ಬೆರಳಲ್ಲಿ ಹರಡಿ, ‘ಲೀಟರಿಗೆ ಎಷ್ಟು ಗ್ರಾಂ ತೂಗುತ್ತದೆ, ಹೇಳಿ’ ಎಂದು ಪರೀಕ್ಷೆ ಮಾಡಿದರು. ನಾನು 550 ಎಂದೆ, ಅವರು ನಕ್ಕು, ಉಗುರಿನಿಂದ ಒಂದು ಕಾಳನ್ನು ಒಡೆದು ಒಳಗಿನ ಟೊಳ್ಳನ್ನು ತೋರಿಸಿದರು. ಗಾರ್ಬಲ್ ಎಂಬ ಮಾತಿನ ಹಿಂದೆ ಜರಡಿ ಹಿಡಿಯುವುದನ್ನು ಹೇಳುವ ಅರಬ್ಬಿ ಪದವಿದೆ. ಕಸ, ಕಡ್ಡಿ, ಜೊಳ್ಳು ತೆಗೆದದ್ದು ಗಾರ್ಬಲ್ಡ್. ನಾವು ದಿನವೂ ಪೇಪರಿನಲ್ಲಿ ಓದುವ ಪದ ಅರಬ್ಬಿ ಕಡಲನ್ನು ದಾಟಿ ಬಂದದ್ದೆಂಬುದು ಈ ಬೀದಿಯಲ್ಲಿ ನಿಂತಾಗಲೇ ಮನಸ್ಸಿಗೆ ತಟ್ಟುತ್ತದೆ.

ಅಂಗಡಿಗಳ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಈಗ ಬೀದಿಯ ಬಹುಪಾಲು ಕಾಶ್ಮೀರದ ಶಾಲು, ಹಳೆಯ ಮಾದರಿಯ ಹಿತ್ತಾಳೆ ಸಾಮಾನು ಮತ್ತು ಅತ್ತರಿನದು. ‘ಯೆಹೂದಿ ಮನೆಯಿಂದ ಬಂದದ್ದು’ ಎಂದು ಹೇಳಿ ಕೊಟ್ಟ ದೀಪವೊಂದನ್ನು ನಾನು ತಂದೆ; ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ತಳದಲ್ಲಿ ಇತ್ತೀಚಿನ ಕಾರ್ಖಾನೆಯ ಗುರುತು ಎದ್ದು ಬಂತು. ಪುರಾತನ ಎಂಬ ಮಾತಿಗೆ ದುಡ್ಡು ಕೊಡಬೇಡಿ, ವಸ್ತು ಮೆಚ್ಚಿದರೆ ವಸ್ತುವಿಗೆ ಕೊಡಿ.

ಅರಮನೆ, ಗಡಿಯಾರ, ಸಿನಗಾಗ್

ಹತ್ತು ಗಂಟೆಗೆ ಅರಮನೆಯನ್ನು ನೋಡಿ. ಡಚ್ ಅರಮನೆ ಎಂದು ಕರೆಯುತ್ತಾರಾದರೂ ಸುಮಾರು 1555ರಲ್ಲಿ ಕಟ್ಟಿ ರಾಜ ವೀರ ಕೇರಳವರ್ಮನಿಗೆ ಒಪ್ಪಿಸಿದವರು ಪೋರ್ಚುಗೀಸರು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಮೇಲೆ ಡಚ್ಚರು ದುರಸ್ತಿ ಮಾಡಿಸಿದರು, ಹೆಸರು ಅವರ ಪಾಲಿಗೆ ಬಂತು. ರಾಮಾಯಣದ ಭಿತ್ತಿಚಿತ್ರಗಳಿಗೆ ಒಂದು ಗಂಟೆ ಬೇಕು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅರಮನೆಯ ಆವರಣ: ಅಲ್ಲಿ ಪಳಯನ್ನೂರು ಭಗವತಿಯ ಗುಡಿಯಿದೆ, ಅದರ ಗೋಡೆಯಾಚೆಗೆ ಸಿನಗಾಗ್ ಇದೆ. ಭಗವತಿಯ ಗಂಟೆ ಆ ಕಡೆಗೂ, ಹೀಬ್ರೂ ಪ್ರಾರ್ಥನೆ ಈ ಕಡೆಗೂ ಕೇಳುವಷ್ಟು ಹತ್ತಿರ. ರಾಜ ಕೊಟ್ಟ ನೆಲ ಯಾವುದು ಎಂಬುದನ್ನು ಕಣ್ಣಾರೆ ಅಳೆಯಲು ಇದೇ ಜಾಗ.

ಸಿನಗಾಗಿನ ಗಡಿಯಾರ ಗೋಪುರವನ್ನು 1760ರ ಸುಮಾರಿಗೆ ಕಟ್ಟಿಸಿದವನು ಎಜೆಕಿಯಲ್ ರಹಬಿ. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಮೆಣಸನ್ನು ಒದಗಿಸುತ್ತಿದ್ದ, ರಾಜರ ಜೊತೆ ಕಂಪನಿಯ ಪರವಾಗಿ ಮಾತುಕತೆ ನಡೆಸುತ್ತಿದ್ದ ಈ ವರ್ತಕನೇ ಈ ಬೀದಿಯ ನಿಜವಾದ ಕಥಾನಾಯಕ ಎಂದು ನನಗನ್ನಿಸುತ್ತದೆ. ಗೋಪುರದ ಮುಖಗಳಲ್ಲಿ ರೋಮನ್, ಹೀಬ್ರೂ ಮತ್ತು ಮಲಯಾಳಂ ಅಂಕಿಗಳಿವೆ. ಕಂಪನಿಯವನು, ತನ್ನವನು, ನಾಡಿನವನು, ಮೂವರೂ ಹೊತ್ತಿಗೆ ಸರಿಯಾಗಿ ಬರಬೇಕೆಂದು ಬಯಸಿದ ವ್ಯಾಪಾರಿಯ ಗಡಿಯಾರ ಅದು. ವಿರಾಜಪೇಟೆಯ ಗಡಿಯಾರ ಕಂಬದ ಅಡಿಯಲ್ಲಿ ಬಸ್ಸಿಗೆ ಕಾದವರಿಗೆ ಅದರ ಉಪಯೋಗ ಗೊತ್ತು.

ಒಳಗೆ ಹೋಗುವಾಗ ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆಯಿರಲಿ, ಚಪ್ಪಲಿ ಹೊರಗೆ ಬಿಡಬೇಕು. ಸಿನಗಾಗಿಗೆ ಬರಿಗಾಲಲ್ಲಿ ಹೋಗುವುದು ಕೇರಳದ ಯೆಹೂದಿಗಳು ಈ ನೆಲದಿಂದ ಕಲಿತ ಪದ್ಧತಿ. ಫೋಟೋ ತೆಗೆಯುವ ಮುನ್ನ ಅಲ್ಲಿರುವವರನ್ನು ಕೇಳಿ, ಬೇಡವೆಂದರೆ ವಾದ ಮಾಡಬೇಡಿ. ಪ್ರವೇಶದ ಬಳಿಯ ಕೋಣೆಯಲ್ಲಿ ಈ ಸಮುದಾಯದ ಕಥೆಯನ್ನು ಹೇಳುವ ಚಿತ್ರಗಳ ಸಾಲಿದೆ, 1968ರ 400ನೇ ವಾರ್ಷಿಕೋತ್ಸವದ ಕಾಲದವು. ಆ ಸಮಾರಂಭಕ್ಕೆ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಹೊರಗೋಡೆಯಲ್ಲಿ ಕೂರಿಸಿರುವ ಹೀಬ್ರೂ ಬರಹದ ಕಲ್ಲನ್ನು ಹುಡುಕಿ. ಅದು 1344ರದು, ಕೊಚ್ಚಂಗಾಡಿಯಲ್ಲಿದ್ದ ಹಳೆಯ ಸಿನಗಾಗಿನಿಂದ ಬಂದದ್ದು. ಪ್ರವಾಹ ಬಂದು ಮೂರೇ ವರ್ಷದಲ್ಲಿ ಕೊಚ್ಚಿಯಲ್ಲಿ ಕಲ್ಲು ಕೆತ್ತಿಸುವಷ್ಟು ಜನ ಸೇರಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಒಳಗೆ ಎಲ್ಲರೂ ತಲೆಬಾಗಿಸಿ ನೋಡುವುದು ನೆಲವನ್ನು. ಚೀನಾದ ಕ್ಯಾಂಟನ್ನಿನಿಂದ 18ನೇ ಶತಮಾನದಲ್ಲಿ ರಹಬಿ ತರಿಸಿದ ನೀಲಿ ಬಿಳಿ ಪಿಂಗಾಣಿ ಹೆಂಚುಗಳು ಅವು, ಒಟ್ಟು ಸಾವಿರಕ್ಕೂ ಹೆಚ್ಚು. ಒಂದರಂತೆ ಇನ್ನೊಂದಿಲ್ಲ ಎಂದು ಹೇಳುವುದನ್ನು ಕೇಳಿ ಸುಮ್ಮನಾಗದೆ, ಒಂದೇ ಜಾಗದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅಕ್ಕಪಕ್ಕದ ನಾಲ್ಕು ಹೆಂಚುಗಳನ್ನು ಹೋಲಿಸಿ. ಅದೇ ಮರ, ಅದೇ ಕೊಂಬೆ ಮತ್ತೆ ಮತ್ತೆ ಬರುತ್ತದೆ. ಆದರೆ ಒಂದರಲ್ಲಿ ಕುಂಚ ಒತ್ತಿ ನೀಲಿ ಹನಿಯಾಗಿ ನಿಂತಿದೆ, ಇನ್ನೊಂದರಲ್ಲಿ ಬಣ್ಣ ಮುಗಿಯುತ್ತ ಬಂದು ಎಲೆ ತೆಳುವಾಗಿದೆ, ಮೂರನೆಯದರಲ್ಲಿ ಕೆಲಸಗಾರ ಅವಸರಪಟ್ಟು ಕೊಂಬೆಯನ್ನು ಅರ್ಧಕ್ಕೇ ಬಿಟ್ಟಿದ್ದಾನೆ. ಆ ಅವಸರವನ್ನು ಕಂಡ ಮೇಲೆ ಹೆಂಚಿನ ಹಿಂದಿನ ಮನುಷ್ಯ ಕಾಣುತ್ತಾನೆ.

ತಲೆಯೆತ್ತಿದರೆ ಬೆಲ್ಜಿಯಂ ಗಾಜಿನ ತೂಗುದೀಪಗಳು. ನಡುವೆ ಹಿತ್ತಾಳೆ ಕಟಾಂಜನದ ವೇದಿಕೆ, ಅಲ್ಲಿ ನಿಂತು ಧರ್ಮಗ್ರಂಥವಾದ ತೋರಾವನ್ನು ಓದುತ್ತಾರೆ. ಎರಡನೆಯ ಓದುವ ವೇದಿಕೆಯೊಂದು ಮೇಲಿನ ಅಂತಸ್ತಿನಲ್ಲಿದೆ, ಹೆಂಗಸರು ಕೂರುವ ಜಾಗದ ಮುಂದೆ. ಬೇರೆ ದೇಶಗಳ ಸಿನಗಾಗುಗಳಲ್ಲಿ ಕಾಣದ ಕೇರಳದ ಏರ್ಪಾಡು ಅದು. ತೋರಾದ ಸುರುಳಿಗಳನ್ನು ಇಡುವ ಕೆತ್ತನೆಯ ಪೆಟ್ಟಿಗೆ ಪಶ್ಚಿಮದ ಗೋಡೆಗಿದೆ, ಏಕೆಂದರೆ ಜೆರುಸಲೇಂ ಇರುವುದು ಆ ದಿಕ್ಕಿಗೆ. ತಿರುವಾಂಕೂರು ಮಹಾರಾಜರು ಕೊಟ್ಟ ಚಿನ್ನದ ಕಿರೀಟ, ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಕೊಟ್ಟ ರತ್ನಗಂಬಳಿ, ಮೊದಲು ಹೇಳಿದ ತಾಮ್ರಪಟ ಇವೆಲ್ಲ ಈ ಸಿನಗಾಗಿನ ಸೊತ್ತು. ಎಲ್ಲವನ್ನೂ ಎಲ್ಲ ದಿನವೂ ಹೊರಗಿಡುವುದಿಲ್ಲ.

ಪರದೇಶಿ ಎಂಬ ಹೆಸರನ್ನು ಇಲ್ಲಿ ನಿಂತು ಯೋಚಿಸಬೇಕು. ಸ್ಪೇನ್, ಪೋರ್ಚುಗಲ್ ಮತ್ತು ಪಶ್ಚಿಮ ಏಷ್ಯಾದಿಂದ ಆಮೇಲೆ ಬಂದವರು ಪರದೇಶಿಗಳು. ಶತಮಾನಗಳಿಂದ ಇಲ್ಲಿಯೇ ಇದ್ದವರು ಮಲಬಾರಿ ಯೆಹೂದಿಗಳು. ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ, ಆದರೆ ಈ ಪರದೇಶಿಗಳು ದಿಕ್ಕಿಲ್ಲದವರಾಗಿರಲಿಲ್ಲ, ಮೇಲುಜಾತಿಯಾಗಿ ಕುಳಿತರು. ಮಲಬಾರಿಗಳ ಜೊತೆ ಕೊಡುಕೊಳುವಿಕೆ ಇರಲಿಲ್ಲ. ಬಿಡುಗಡೆ ಹೊಂದಿದ ಗುಲಾಮರ ಸಂತತಿಯವರನ್ನು ಸಿನಗಾಗಿನ ಒಳಗೆ ಸಮನಾಗಿ ಕೂರಗೊಡುತ್ತಿರಲಿಲ್ಲ. ಆ ಸಂತತಿಯಲ್ಲಿಯೇ ಹುಟ್ಟಿದ ವಕೀಲ ಎ.ಬಿ. ಸೇಲಂ (1882–1967) ಗಾಂಧೀಜಿಯವರ ಮಾರ್ಗವನ್ನು ಹಿಡಿದು ಸಿನಗಾಗಿನಲ್ಲಿಯೇ ಸತ್ಯಾಗ್ರಹ ಮಾಡಿದರು, ಯೆಹೂದಿ ಗಾಂಧಿ ಎಂದು ಹೆಸರಾದರು. ಬೀದಿಯ ಮಾರ್ಗದರ್ಶಕರು ಹೆಂಚುಗಳ ಬಗ್ಗೆ ಹೇಳುವಷ್ಟು ಇದರ ಬಗ್ಗೆ ಹೇಳುವುದಿಲ್ಲ, ನೀವೇ ಕೇಳಬೇಕು. ಚೀನಾದ ಹೆಂಚು ಹಾಸಿದ ನೆಲದ ಮೇಲೆ ಯಾರು ಎಲ್ಲಿ ಕೂರಬಹುದು ಎಂಬ ಜಗಳ ನಡೆದಿತ್ತೆಂಬುದು ತಿಳಿಯದೆ ಹೊರಬಂದರೆ ಅರ್ಧ ನೋಡಿದಂತೆ.

ಈಗ ಇಲ್ಲದವರು

ಸ್ವಾತಂತ್ರ್ಯದ ಹೊತ್ತಿಗೆ ಕೇರಳದಲ್ಲಿ ಸುಮಾರು 2,500 ಯೆಹೂದಿಗಳಿದ್ದರು. 1948ರಲ್ಲಿ ಇಸ್ರೇಲ್ ಆದ ಮೇಲೆ, 1950ರ ದಶಕದಲ್ಲಿ ಮಲಬಾರಿ ಯೆಹೂದಿಗಳಲ್ಲಿ ಬಹುತೇಕರು ಊರಿಗೆ ಊರೇ ಹೊರಟರು. ಪರದೇಶಿಗಳು ತಡವಾಗಿ ಒಬ್ಬೊಬ್ಬರಾಗಿ ಹೋದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕೆಂಬ ನಿಯಮವಿದೆ. ಆ ಹತ್ತು ತುಂಬದೆ ಹೋದ ದಿನಗಳು ಈ ಸಿನಗಾಗಿಗೆ ಬಂದವು. ಕಿಟಕಿಯ ಪಕ್ಕದಲ್ಲಿ ಕುಳಿತು ಕಸೂತಿ ಹಾಕುತ್ತ, ಬಂದವರನ್ನು ಮಾತಾಡಿಸುತ್ತಿದ್ದ ಸಾರಾ ಕೋಹೆನ್ ಅವರು 2019ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೊನೆಯ ವರ್ಷಗಳಲ್ಲಿ ಮಗನಂತೆ ನಿಂತು ನೋಡಿಕೊಂಡವರು ಅದೇ ಬೀದಿಯ ಮುಸ್ಲಿಂ ಕುಟುಂಬದವರು. ಹಳೆಯ ಹೆಸರಿನ ಫಲಕದ ಮುಂದೆ ಫೋಟೋಕ್ಕೆ ನಿಂತು ಇಲ್ಲಿ ಯೆಹೂದಿಗಳು ಎಷ್ಟು ಮಂದಿ ಉಳಿದಿದ್ದಾರೆ ಎಂದು ಎಣಿಸುವ ಪ್ರಶ್ನೆ ಕೇಳಬೇಡಿ. ಅಳಿದುಳಿದವರು ಆ ಪ್ರಶ್ನೆಯಿಂದ ದಣಿದಿದ್ದರು.

ಬೀದಿಯ ದಕ್ಷಿಣ ತುದಿಯ ಕಡೆಗೆ ನಡೆದರೆ ಮಲಬಾರಿಗಳ ಕಡವುಂಭಾಗಂ ಸಿನಗಾಗಿನ ಜಾಗ. ಕಡವು ಎಂದರೆ ದೋಣಿಗಟ್ಟೆ, ಕನ್ನಡದ ಪದವೇ. 1544ರ ಈ ಕಟ್ಟಡದ ಒಳಗಿನ ಮರಗೆಲಸವನ್ನು 1990ರ ದಶಕದಲ್ಲಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಒಯ್ದು ಜೋಡಿಸಿಟ್ಟಿದ್ದಾರೆ; ಇಲ್ಲಿ ಉಳಿದ ಗೋಡೆಗಳ ಒಂದು ಭಾಗ 2019ರ ಮಳೆಯಲ್ಲಿ ಕುಸಿಯಿತು. ಒಡಲು ಇಲ್ಲಿ, ಉಸಿರು ಅಲ್ಲಿ. ಹತ್ತಿರದ ಸ್ಮಶಾನಕ್ಕೆ ಸಾಮಾನ್ಯವಾಗಿ ಬೀಗವಿರುತ್ತದೆ, ಗೇಟಿನ ಸಂದಿಯಿಂದ ಸುಣ್ಣ ಬಳಿದ ಗೋರಿಗಳನ್ನು ನೋಡಬಹುದು. ಬೇರೆ ಕಡೆ ಒಂಟಿಯಾಗಿರುವ ನೆಹೆಮಿಯಾ ಮೋಟಾ ಎಂಬ 17ನೇ ಶತಮಾನದ ಆರಂಭದ ಸಂತನ ಸಮಾಧಿಗೆ ಎಲ್ಲ ಮತದವರೂ ದೀಪ ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ಎಮ್ಮೆಮಾಡಿನ ದರ್ಗಾಕ್ಕೆ ಹೋಗುವ ನಮ್ಮವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಇನ್ನೊಂದು ದಿನ ಕೈಯಲ್ಲಿದ್ದರೆ ಎರ್ನಾಕುಳಂನ ಮಾರುಕಟ್ಟೆ ರಸ್ತೆಯಲ್ಲಿರುವ ಇನ್ನೊಂದು ಕಡವುಂಭಾಗಂ ಸಿನಗಾಗನ್ನು ನೋಡಿ. ಮುಂಭಾಗದಲ್ಲಿ ಬಣ್ಣದ ಮೀನು ಮತ್ತು ಗಿಡ ಮಾರುವ ಅಂಗಡಿ, ಅದನ್ನು ದಾಟಿದರೆ ಒಳಗೆ ಪ್ರಾರ್ಥನಾ ಮಂದಿರ. ಅಲ್ಲಿಂದ ಬಸ್ಸಿನಲ್ಲಿ ಪರವೂರಿಗೆ ಹೋಗಿ, 1616ರ ಸಿನಗಾಗಿನಲ್ಲಿರುವ ಕೇರಳ ಯೆಹೂದಿಗಳ ವಸ್ತುಸಂಗ್ರಹಾಲಯವನ್ನು ನೋಡಬೇಕು. ಕೇರಳದ ಯೆಹೂದಿ ಹೆಂಗಸರು ಹೀಬ್ರೂ ಪದಗಳು ಬೆರೆತ ಮಲಯಾಳಂ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟು, ತಲೆಮಾರಿನಿಂದ ತಲೆಮಾರಿಗೆ ಮದುವೆಯಲ್ಲಿ ಹಾಡುತ್ತಿದ್ದರು. ಆ ನೋಟುಪುಸ್ತಕಗಳು ಅವರ ಜೊತೆ ಇಸ್ರೇಲಿಗೂ ಹೋದವು. ಪರವೂರಿನಿಂದ ಚೇಂದಮಂಗಲ ಸ್ವಲ್ಪವೇ ದೂರ. ಅಲ್ಲಿನ ಸಿನಗಾಗಿನ ಅಂಗಳದಲ್ಲಿ ನಿಲ್ಲಿಸಿರುವ ಸಣ್ಣ ಗೋರಿಕಲ್ಲು ಭಾರತದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಹೀಬ್ರೂ ಬರಹವೆಂದು ಗುರುತಿಸಿರುವುದು, 1269ರದು. ಮಧ್ಯಾಹ್ನದ ಬಿಸಿಲು ಓರೆಯಾದ ಮೇಲೆ ಹೋಗಿ, ಆಗ ಅಕ್ಷರಗಳ ಕೊರೆತದಲ್ಲಿ ನೆರಳು ನಿಂತು ಓದಲು ಬರುತ್ತದೆ. ಹೀಬ್ರೂ ಬಾರದಿದ್ದರೂ ಕಲ್ಲು ಯಾರದೆಂದು ಅಲ್ಲಿಯವರು ಹೇಳುತ್ತಾರೆ: ಇಸ್ರಾಯೇಲನ ಮಗಳು ಸಾರಾ.